ಜಿಪಿಎ ಇದೆ ಅಂತ ನೆಮ್ಮದಿಯಾಗಿರುವವರಿಗೆ

"ಅಪ್ಪನ ಕೈಲಿ ಜಿಪಿಎ ಬರೆಸಿಕೊಂಡಾಗಿದೆ ಬಿಡಿ, ಇನ್ನೇನೂ ತೊಂದರೆ ಇಲ್ಲ." ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ತೋಟ ಇರುವ ಮನೆಗಳಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೀನೋ. ಮಕ್ಕಳು ಬೆಂಗಳೂರಲ್ಲಿ, ಅಪ್ಪನಿಗೆ ಮರೆವು. ಬ್ಯಾಂಕು, ತಾಲ್ಲೂಕು ಆಫೀಸು ಅಂತ ಓಡಾಡಲು ಒಂದು ಕಾಗದ ಬೇಕು, ನಿಜ. ಜಿಪಿಎ ಅಂದರೆ ಅದೇ, ತನ್ನ ಪರವಾಗಿ ಇಂಥವರು ವ್ಯವಹಾರ ಮಾಡಬಹುದು ಅಂತ ಬರೆದುಕೊಡುವ ಅಧಿಕಾರ ಪತ್ರ (ಜನರಲ್ ಪವರ್ ಆಫ್ ಅಟಾರ್ನಿ). ಆದರೆ 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಓದಿ ನೋಡಿ. ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತದಲ್ಲಿ ಇಲ್ಲ ಅಂತಾದರೆ ಆ ಅಧಿಕಾರವೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಅಂದರೆ ಕಾಗದ ನಿಜವಾಗಿ ಬೇಕಾಗುವ ಹೊತ್ತಿಗೇ ಅದು ಕೆಲಸಕ್ಕೆ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಬೇರೆ ಪತ್ರ ಇದೆ. ಬುದ್ಧಿ ಸರಿಯಿದ್ದಾಗ ಬರೆದು ನೋಂದಾಯಿಸಿದರೆ ಆಮೇಲೂ ನಡೆಯುತ್ತದೆ. ನಮ್ಮಲ್ಲಿ ಅಂಥದ್ದಿಲ್ಲ.

ಇನ್ನೂ ವಿಚಿತ್ರ ಕೇಳಿ. 1987ರ ಹಳೇ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ಕೋರ್ಟು ವಿಚಾರಣೆ ಮಾಡಿ ಇಂಥವರ ಆಸ್ತಿ ನೋಡಿಕೊಳ್ಳಲು ಒಬ್ಬರನ್ನು ನೇಮಿಸಬಹುದಿತ್ತು. 2017ರ ಹೊಸ ಕಾಯ್ದೆ ಬಂದಾಗ ಆ ಅಧ್ಯಾಯವೇ ಹೋಯಿತು. ಹೊಸದು ಒಳ್ಳೆಯ ಕಾಯ್ದೆ, ಅನುಮಾನವಿಲ್ಲ. ಆಸ್ಪತ್ರೆಗೆ ಸೇರಿಸುವಾಗ ರೋಗಿಯ ಮಾತಿಗೆ ಬೆಲೆ ಕೊಡುತ್ತದೆ, ದೂರು ಕೇಳಲು ಮಂಡಳಿ ಇದೆ. ಆದರೆ ಅದರ ಕಣ್ಣೆಲ್ಲ ಆಸ್ಪತ್ರೆಯ ಮೇಲೆ. ನಮ್ಮ ಊರುಗಳಲ್ಲಿ ನಡೆಯುವುದೆಲ್ಲ ಮನೆಯಲ್ಲಿ, ಉಪನೋಂದಣಿ ಕಚೇರಿಯಲ್ಲಿ.

ಒಂದು ಕಚೇರಿಯಲ್ಲಿ ನಾನೇ ಕಂಡದ್ದು. ಅಜ್ಜನನ್ನು ಇಬ್ಬರು ತೋಳು ಹಿಡಿದು ತಂದು ಕ್ಯಾಮೆರಾ ಮುಂದೆ ಕೂರಿಸಿದರು. "ಒಪ್ಪಿಗೆನಾ ಅಜ್ಜಾ?" ಅಂತ ಕೇಳಿದರು. "ಹೂಂ." ಊಟ ಆಯ್ತಾ ಅಂದಿದ್ದರೂ ಅದೇ ಹೂಂ ಬರುತ್ತಿತ್ತು. ಹೆಬ್ಬೆಟ್ಟನ್ನು ಯಂತ್ರದ ಮೇಲೆ ಮಗನೇ ಒತ್ತಿ ಹಿಡಿದ. ಬುದ್ಧಿ ಸ್ಥಿಮಿತ ಇಲ್ಲದವರಂತೆ ಕಂಡರೆ ನೋಂದಣಿ ನಿರಾಕರಿಸಬೇಕು ಅಂತ ನೋಂದಣಿ ಕಾಯ್ದೆಯ 35ನೇ ಸೆಕ್ಷನ್ನಿನಲ್ಲೇ ಇದೆ. ಕಂಡರೆ ತಾನೇ? ಹಿಂದೆ ಅಷ್ಟುದ್ದ ಸಾಲು.

ಆ ಮಗ ಕಳ್ಳ ಅಂತ ನಾನು ಹೇಳುತ್ತಿಲ್ಲ. ಬಹುಶಃ ಅಪ್ಪನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ಆದರೆ ಒಳ್ಳೆಯ ಮನಸ್ಸಿದ್ದರೆ ಸಾಕು ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಇದಕ್ಕೆ ಇಂಗ್ಲೆಂಡಿನ ಬೋರ್ನ್‌ವುಡ್ ಪ್ರಕರಣ ನೋಡಿ. 1997ರಲ್ಲಿ, ಮಾತು ಬಾರದ, ಆಟಿಸಂ ಇದ್ದ ಒಬ್ಬರನ್ನು ಬೋರ್ನ್‌ವುಡ್ ಅನ್ನುವ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಸಾಕುತ್ತಿದ್ದ ಮನೆಯವರಿಗೂ ಮೊದಮೊದಲು ನೋಡಲು ಬಿಡಲಿಲ್ಲ. ಆ ರೋಗಿ ಹೊರಟುಹೋಗಲು ಪ್ರಯತ್ನಿಸಲಿಲ್ಲವಲ್ಲ, ಹಾಗಾಗಿ ಇದು ಬಂಧನವೇ ಅಲ್ಲ ಅನ್ನುವ ವಾದ ಅಲ್ಲಿನ ಕೋರ್ಟಿನಲ್ಲಿ ಗೆದ್ದಿತು. 2004ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟು ಅದನ್ನು ಒಪ್ಪಲಿಲ್ಲ. ವೈದ್ಯರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅದನ್ನು ಹೊರಗಿನವರು ಪರೀಕ್ಷಿಸುವ ದಾರಿ ಇರಲೇಬೇಕು ಅಂದಿತು. ಅದರ ಫಲವಾಗಿ 2009ರಿಂದ ಹೊಸ ರಕ್ಷಣಾ ವ್ಯವಸ್ಥೆ ಬಂತು. 2014ರ ಇನ್ನೊಂದು ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಲೇಡಿ ಹೇಲ್ ಚಿನ್ನದ ಪಂಜರವೂ ಪಂಜರವೇ ಅಂದರು. ಸದಾ ಯಾರದ್ದೋ ನಿಗಾ, ಹೊರಟುಹೋಗುವ ಸ್ವಾತಂತ್ರ್ಯವಿಲ್ಲ ಅಂದರೆ ಅದು ಬಂಧನ.

ಈ ಅಳತೆಯಲ್ಲಿ ನಮ್ಮ ಎಷ್ಟು ಮನೆಗಳು ಬರುತ್ತವೆ? ಆಲ್ದೂರಿನ ಕಡೆ ನಮ್ಮ ನೆಂಟರೊಬ್ಬರ ಮನೆಯಲ್ಲಿ ದೊಡ್ಡಪ್ಪನ ಕೋಣೆಗೆ ಚಿಲಕ ಇರುವುದು ಹೊರಗಡೆ. ಕಾಫಿ ಕುಯ್ಲಿನ ಕಾಲದಲ್ಲಂತೂ "ಆಳು ಬಂದವಾ, ಬಾಗ್ಲು ತೆಗೀರೋ" ಅಂತ ಒಳಗಿಂದ ತಟ್ಟುತ್ತಿರುತ್ತಾರೆ. ಬಿಟ್ಟರೆ ಕೆರೆ ಕಡೆ ಹೋಗುತ್ತಾರೆ, ಕಾಡಾನೆ ಭಯ ಬೇರೆ. ದೊಡ್ಡಮ್ಮನಿಗೆ ಬೇರೆ ದಾರಿ ಏನಿದೆ? ನಾನು ಅವರನ್ನು ಬೈಯಲಾರೆ. ಒಂದು ದಿನವಾದರೂ ಹೊರಗಿನ ಒಬ್ಬರು ಬಂದು, ಬೆಳಿಗ್ಗೆ ತೋಟದ ತುದಿಯವರೆಗೆ ಕರೆದುಕೊಂಡು ಹೋಗಬಹುದಲ್ವಾ ಅಂತ ಕೇಳಿದ್ದರೆ ಅವರಿಗೂ ಅನುಕೂಲ ಆಗುತ್ತಿತ್ತು.

ಹಾಗಂತ ಇಂಗ್ಲೆಂಡಿನದ್ದನ್ನು ಹಾಗೇ ತರೋಣ ಅನ್ನುತ್ತಿಲ್ಲ. 2014ರ ತೀರ್ಪಿನ ಮರುವರ್ಷ ಅಲ್ಲಿ ಆ ರಕ್ಷಣಾ ವ್ಯವಸ್ಥೆಯಡಿ ಅರ್ಜಿಗಳು ಸುಮಾರು ಹತ್ತು ಪಟ್ಟಾದವು, ಕಡತಗಳು ರಾಶಿ ಬಿದ್ದವು. ಅದರ ಬದಲಿಗೆ 2019ರಲ್ಲಿ ಇನ್ನೊಂದು ಕಾಯ್ದೆ ಮಾಡಿದರು, 2023ರಲ್ಲಿ ಅದನ್ನು ಜಾರಿ ಮಾಡುವುದನ್ನೇ ಮುಂದಕ್ಕೆ ಹಾಕಿದರು.

ನಮ್ಮಲ್ಲಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಡಿಸಿ ಇರುವ ಜಿಲ್ಲಾ ಮಟ್ಟದ ಸಮಿತಿ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕಾನೂನುಬದ್ಧ ಪಾಲಕರನ್ನು (ಗಾರ್ಡಿಯನ್) ನೇಮಿಸುತ್ತದೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಆ ಪಟ್ಟಿಯಲ್ಲಿ ಇಲ್ಲ. ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳು ಜನರಿಗೆ ಡಿಮೆನ್ಷಿಯಾ ಇದೆ ಅಂತ ರಾಷ್ಟ್ರೀಯ ಅಧ್ಯಯನದ ಅಂದಾಜಿದೆ, ಆದರೂ ಇಲ್ಲ. ಅದನ್ನು ಸೇರಿಸಲಿ. ಕಾನೂನು ಕಾಲೇಜಿನ ಹುಡುಗರು ಸಂಶೋಧನೆ ಅಂತ ತೀರ್ಪುಗಳನ್ನಷ್ಟೇ ಓದುವ ಬದಲು ಒಂದು ವಾರ ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತು ನೋಡಲಿ.

ಮನೆಯಲ್ಲಿ ಯಾರಿಗಾದರೂ ಮರೆವು ಈಗಷ್ಟೇ ಶುರುವಾಗಿದ್ದರೆ, 2017ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತಮಗೆ ಎಂಥ ಚಿಕಿತ್ಸೆ ಬೇಕು, ತಮ್ಮ ಪರ ಯಾರು ಮಾತಾಡಬೇಕು ಅಂತ ಅವರು ಮೊದಲೇ ಬರೆದಿಡಬಹುದು. ಆಸ್ತಿಗೆ ಇದು ನಡೆಯುವುದಿಲ್ಲ, ಚಿಕಿತ್ಸೆಗೆ ಮಾತ್ರ. ಬರೆಸುವಾಗ ಮಕ್ಕಳನ್ನು ಸ್ವಲ್ಪ ಹೊತ್ತು ಜಗಲಿಯಲ್ಲಿ ಕೂರಿಸಿ.