ವಾಟ ಬೇಡ ಮೇಸ್ತ್ರಿ

“ಜಾಗ ರೆಡಿ ಮಾಡ್ಕೊಳ್ಳಿ ಸಾರ್, ಮಿಷನ್ ಕಳಿಸ್ತೀವಿ” ಅಂತ ಪೀಣ್ಯದಿಂದ ಫೋನ್ ಬಂತು. ನೆಂಟರು ಬರ್ತಿದ್ದಾರೆ, ಒಂದು ಚಾಪೆ ಹಾಸಿ ಅನ್ನುವ ಧಾಟಿ. ಬರುತ್ತಿರುವುದು ಒಂದು ಟನ್ನಿಗೂ ಜಾಸ್ತಿ ತೂಗುವ ಲೇತ್, ಅಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಮಾಲು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಅದರ ಲೇತ್‌ಗಳು ಮಾತ್ರ ಗುಜರಿಗೆ ಹೋಗಲು ಒಪ್ಪದೆ ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಓಡಾಡಿಕೊಂಡಿವೆ.

ದೊಡ್ಡ ಮಿಷನ್ನಿಗೆ ಜಾಗ ಮಾಡುವಾಗ ಮನೆಯ ಬಗ್ಗೆ, ಮನೆಯವರ ಬಗ್ಗೆ ಒಂದು ಮುಖ್ಯವಾದ ವಿಷಯ ಹೊಳೆಯುತ್ತದೆ. ಅದನ್ನು ಹೇಳುತ್ತೇನೆ. ಮೊದಲು ಶೆಡ್ಡು ಖಾಲಿಯಾಗಲಿ.

ಶೆಡ್ಡಿನಲ್ಲಿ ಇದ್ದದ್ದು ಗೊಂಬೆ ಹಬ್ಬದ ಮೆಟ್ಟಿಲು, ತಳ ಹೋದ ಹಂಡೆ, ಯುಪಿಎಸ್‌ನ ಸತ್ತ ಬ್ಯಾಟರಿ, ಯಾರ ಮಗುವಿನದು ಅಂತ ಯಾರಿಗೂ ನೆನಪಿಲ್ಲದ ಮೂರು ಚಕ್ರದ ಸೈಕಲ್ಲು. ಒಂದೊಂದನ್ನು ಎತ್ತಿದಾಗಲೂ ಅಮ್ಮ “ಅದಿರ್ಲಿ ಬಿಡೋ, ಬೇಕಾಗತ್ತೆ” ಅನ್ನುತ್ತಿದ್ದರು. ಅಂತೂ ಒಂದು ಮೂಲೆ ಖಾಲಿ ಮಾಡಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಅಲ್ಲಿ ತೆಂಗಿನಕಾಯಿ ಮೂಟೆ. “ಖಾಲಿ ಇತ್ತಲ್ಲ, ಇಡಿಸ್ದೆ” ಅಂದರು.

ಆಮೇಲೆ ನೆಲ. ಹಳೇ ಗಾರೆ ನೆಲ ಈ ಭಾರ ತಡೆಯಲ್ಲ. ಒಡೆಸಿ ಹೊಸದಾಗಿ ಕಾಂಕ್ರೀಟ್ ಹಾಕಿಸಬೇಕು. ಮೇಸ್ತ್ರಿ ಬಂದ, ನೋಡಿದ, ಕೇಳಿದ: “ವಾಟ ಯಾವ ಕಡೆ ಕೊಡ್ಲಿ ಸಾರ್?”

“ವಾಟ ಬೇಡ ಮೇಸ್ತ್ರಿ. ಸಮ ಇರಲಿ.”

“ನೀರು ನಿಲ್ಲುತ್ತಲ್ಲ ಸಾರ್?”

“ನೀರೇ ಬರಲ್ಲ.”

“ತೊಳಿಯೋವಾಗ?”

“ತೊಳಿಯಲ್ಲ.”

ಆತ ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ನೆಲ ತೊಳೆಯದ ಮನೆಯವರು ಅಂತ ತೀರ್ಮಾನವಾಯಿತು ಅನ್ನಿಸುತ್ತೆ.

ಈ ವಾಟದ ವಿಷಯದಲ್ಲಿ ನನ್ನದೊಂದು ಹಳೇ ಸಿಟ್ಟಿದೆ. ನಾನು ಬಾಡಿಗೆಗೆ ಇದ್ದ ಯಾವ ಮನೆಯ ಬಚ್ಚಲಲ್ಲೂ ನೀರು ಜಾಲರಿ ಇರುವ ಕಡೆ ಹೋದದ್ದಿಲ್ಲ. ಬಾಗಿಲ ಕಡೆಗೋ ಕಮೋಡಿನ ಹಿಂದಕ್ಕೋ ಹೋಗುತ್ತದೆ. ಸ್ನಾನ ಮಾಡಿದ್ದಕ್ಕಿಂತ ವೈಪರ್ ಹಿಡಿದು ನೀರು ತಳ್ಳಿದ್ದೇ ಜಾಸ್ತಿ. ಒಂದು ಮನೆಯಲ್ಲಂತೂ ನಾವು ಸ್ನಾನ ಮಾಡಿದ ನೀರು ಹಾಲ್ ದಾಟಿ ದೇವರ ಕೋಣೆಯ ಹೊಸ್ತಿಲು ಮುಟ್ಟುತ್ತಿತ್ತು. ಮಾಲೀಕರನ್ನು ಕೇಳಿದರೆ “ಈಶಾನ್ಯಕ್ಕೆ ಇಳಿಜಾರಿದ್ದರೆ ಒಳ್ಳೇದು ಕಣ್ರೀ” ಅಂದರು. ಬಾಲ್ಕನಿಯದು ಇನ್ನೊಂದು ಕಥೆ. ಮಳೆ ಬಂದರೆ ನೀರು ಕೊಳವೆಗೆ ಬೆನ್ನು ಹಾಕಿ ಸೀದಾ ಮಂಚದ ಕೆಳಗೆ. ಇಷ್ಟೆಲ್ಲ ಕಟ್ಟಿದವರು ಈ ಮೇಸ್ತ್ರಿಗಳೇ. ವಾಟ ಬೇಕಾದ ಕಡೆ ಒಂದು ಹನಿ ಕೊಡಲ್ಲ. ಬೇಡ ಅಂತ ಕೈ ಮುಗಿದರೆ ಅಲ್ಲಿ ಧಾರಾಳ.

ಶುರುವಿನಲ್ಲಿ ಹೇಳುತ್ತೇನೆ ಅಂದ ವಿಷಯ ಮರೆತಿಲ್ಲ. ಇದೊಂದು ಮುಗಿಯಲಿ.

ಕಾಂಕ್ರೀಟ್ ಬಿತ್ತು. ಮಾರನೇ ದಿನ ಕ್ಯೂರಿಂಗಿಗೆ ಅಂತ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ಬಿಟ್ಟರು. ಹೋಗಿ ನೋಡುತ್ತೇನೆ, ಹಿಂದಿನ ಗೋಡೆಯ ಹತ್ತಿರ ನೆಲ ಒಣಗಿದೆ. ಬಾಗಿಲ ಹತ್ತಿರ ನಾಲ್ಕು ಬೆರಳು ನೀರು, ಅದರಲ್ಲಿ ಒಂದು ಬೀಡಿ ತುಂಡು ತೇಲುತ್ತಿದೆ. ಮೇಸ್ತ್ರಿಯನ್ನು ಕರೆಸಿ ತೋರಿಸಿದೆ. ಆತನಿಗೇ ಆಶ್ಚರ್ಯ. “ನಾನು ಕೊಟ್ಟಿಲ್ಲ ಸಾರ್. ಕೈ ಕೊಟ್ಬಿಟ್ಟಿದೆ” ಅಂದ.

ಬೈಯುವುದು ಹೇಗೆ? ಮೇಸ್ತ್ರಿಗಳ ಲೆಕ್ಕದಲ್ಲಿ ವಾಟ ಅಂದರೆ ಅಡಿಗೆ ಕಾಲು ಇಂಚು, ಅಂದರೆ ಮೀಟರಿಗೆ ಸುಮಾರು 20 ಮಿಲಿಮೀಟರ್. ಲೇತ್ ಕೂರಿಸುವ ಫಿಟ್ಟರ್ ತರುವ ಲೆವೆಲ್ ಮೀಟರಿಗೆ 0.02 ಮಿಲಿಮೀಟರ್ ಏರುಪೇರನ್ನೂ ತೋರಿಸುತ್ತದೆ. ಇಬ್ಬರ ನಡುವೆ ಸಾವಿರ ಪಟ್ಟು ವ್ಯತ್ಯಾಸ. ಲೇತಿನ ಬೆಡ್, ಅಂದರೆ ಅದರ ಉದ್ದನೆಯ ತಳಹಾಸು, ಚೂರು ತಿರುಚಿಕೊಂಡರೂ ಸಾಕು, ಕಡೆದ ಶಾಫ್ಟು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಆಗುತ್ತದೆ. “ಕೆಳಗೆ ಪ್ಯಾಕಿಂಗ್ ಕೊಟ್ರಾಯ್ತಲ್ಲ ಸಾರ್” ಅಂದ ಮೇಸ್ತ್ರಿ. ತಗ್ಗಿದ ಕಡೆ ಲೇತಿನ ಕಾಲಿನ ಕೆಳಗೆ ತಗಡಿನ ತುಂಡು ಇಡುವುದು ಅಂತ. ಅದು ನಿಜ. ನಿಜ ಅನ್ನುವುದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಆದರೆ ಲೇತನ್ನು ಒಳಗೆ ತರುವುದು ಪೈಪುಗಳ ಮೇಲೆ ಉರುಳಿಸಿಕೊಂಡು, ಹಾರೆಯಿಂದ ಮೀಟಿಕೊಂಡು. ಕಡೆಯುವ ತುಂಡನ್ನು ಹಿಡಿದು ತಿರುಗಿಸುವ ಹೆಡ್‌ಸ್ಟಾಕ್ ಇರುವ ಕಡೆ ಭಾರ ಜಾಸ್ತಿ, ಮೇಲ್ಭಾಗವೂ ಭಾರ, ಸ್ವಲ್ಪ ವಾಲಿದರೆ ಮಗುಚಿಕೊಳ್ಳುತ್ತದೆ. ನೆಲದ ವಾಟವೋ ಬಾಗಿಲ ಕಡೆಗೆ. ಒಳಗೆ ತಳ್ಳಿದ್ದು ತಾನಾಗಿ ಹೊರಗೆ ಬಂದರೆ ಹಿಡಿಯುವವರು ಯಾರು?

ಮೇಲೆ ಇನ್ನೊಂದು ಪದರ ಹಾಕಿಸಿದ್ದಾಯಿತು. ಕಾಂಕ್ರೀಟಿಗೆ ಪೂರ್ತಿ ಬಲ ಬರಲು 28 ದಿನ ಅನ್ನುವುದು ಲೆಕ್ಕ. ಪೀಣ್ಯದವರಿಗೆ ಅಷ್ಟು ತಾಳ್ಮೆಯಿಲ್ಲ. ದಿನಾ ಫೋನ್. ಕರೆಂಟಿನದು ಅಷ್ಟು ತೊಂದರೆಯಾಗಲಿಲ್ಲ. ಮೋಟರ್ ತ್ರೀ ಫೇಸ್, ಮನೆಗೆ ಬರುವುದು ಸಿಂಗಲ್ ಫೇಸ್, ನಡುವೆ ಸಿಂಗಲ್ಲನ್ನು ತ್ರೀ ಮಾಡಿಕೊಡುವ ವಿಎಫ್‌ಡಿ ಅನ್ನುವ ಒಂದು ಡಬ್ಬ ಹಾಕಿದರೆ ನಡೆಯುತ್ತದೆ.

ಬಂದವರೆಲ್ಲ ಕೇಳುವುದು ಒಂದೇ: “ಇದರಲ್ಲಿ ಏನು ಮಾಡ್ತೀರಿ?” ಸುಮ್ನೆ ಕೇಳಿದ್ದಲ್ಲ, ಎಷ್ಟು ದುಡ್ಡು ಬರುತ್ತೆ ಅಂತ ಅದರ ಅರ್ಥ. ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಕಾರು ಕವರ್ ಹೊದ್ದು ನಿಂತಿದೆ. ನಾಲ್ಕೂ ಟೈರಿನಲ್ಲಿ ಗಾಳಿಯಿಲ್ಲ. ಕೆಳಗೆ ಬೆಕ್ಕು ಮರಿ ಹಾಕಿದೆ. ಅದರ ಯಜಮಾನರನ್ನು ಏನು ಮಾಡ್ತೀರಿ ಅಂತ ಯಾರಾದರೂ ಕೇಳಿದ್ದುಂಟಾ? ಈಗ ಆ ಕಾರಿನಿಂದಾಗಿ ಲಾರಿ ತಿರುಗಲ್ಲ, ಹೈಡ್ರಾ ಕ್ರೇನ್ ಒಳಗೆ ಬರಲ್ಲ. ಕಾರು ತೆಗೆಯಿರಿ ಅಂದರೆ ಯಜಮಾನರು “ಮರಿಗಳು ಕಣ್ಣು ಬಿಡ್ಲಿ ತಡೀರಿ” ಅಂತಾರೆ.

ಈಗಷ್ಟೇ ಡ್ರೈವರ್ ಫೋನ್ ಮಾಡಿದ್ದ, ಹೊರಟಿದ್ದಾನಂತೆ.

“ಇಳಿಸೋದು ಪಾರ್ಟಿಯವರದ್ದೇ ಅಂದ್ರು ಸಾರ್.”

“ಯಾರು ಅಂದ್ರು?”

“ಲೊಕೇಶನ್ ಕಳ್ಸಿ ಸಾರ್” ಅಂದ.