ನಿಮ್ಮದೆಷ್ಟು ಬಂತು?

2021ರಲ್ಲಿ ಬನ್ನೇರುಘಟ್ಟ ರಸ್ತೆ ಕಡೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಸ್ಸೆಸ್ಸೆಲ್ಸಿಗಿಂತ ಜಾಸ್ತಿ ಟೆನ್ಷನ್ನಿನ ಪರೀಕ್ಷೆಯೊಂದು ನಡೆಯಿತು. ಕೊರೊನಾ ಬಂದು ಹೋದವರೆಲ್ಲ ಲ್ಯಾಬಿಗೆ ಹೋಗಿ ಆ್ಯಂಟಿಬಾಡಿ (ವೈರಸ್ಸನ್ನು ಹಿಡಿಯೋಕೆ ಮೈ ಮಾಡಿಕೊಳ್ಳುವ ಪ್ರೋಟೀನು) ಎಣಿಸಿಕೊಂಡು ಬರುವುದು, ಲಿಫ್ಟಿನಲ್ಲಿ ಸಿಕ್ಕವರನ್ನು ಹಿಡಿದು "ನಿಮ್ಮದೆಷ್ಟು ಬಂತು?" ಅಂತ ಕೇಳುವುದು. ಮೂರನೇ ಮಹಡಿಯ ಅಂಕಲ್‌ದು 250ಕ್ಕಿಂತ ಮೇಲೆ. ಆ ಮೆಷಿನ್ನು ಅದರಾಚೆ ಎಣಿಸುವುದೇ ಇಲ್ಲವಂತೆ, ಅಂದರೆ ಔಟ್ ಆಫ್ ಔಟ್. ನಮ್ಮ ಎದುರುಮನೆ ಆಂಟಿಗೆ 38. ಪಾಪ, ಎರಡು ದಿನ ಊಟ ಸೇರಲಿಲ್ಲ. ಇಬ್ಬರೂ ಹೋಗಿದ್ದು ಬೇರೆ ಬೇರೆ ಲ್ಯಾಬಿಗೆ, ಅಳತೆಯೂ ಬೇರೆ. ಒಬ್ಬರ ಕೆಜಿ, ಇನ್ನೊಬ್ಬರ ಲೀಟರು. ಆದರೂ ರ‍್ಯಾಂಕ್ ಘೋಷಣೆ ಆಯಿತು.

ಮೂರು ತಿಂಗಳು ಕಳೆದ ಮೇಲೆ ಅಂಕಲ್ ಮತ್ತೆ ಟೆಸ್ಟ್ ಮಾಡಿಸಿದರು. 140! "ಇಮ್ಯುನಿಟಿ ಲೀಕ್ ಆಗ್ತಾ ಇದೆ ಕಣಯ್ಯ" ಅಂದರು, ಸಂಪಿನ ಬಗ್ಗೆ ಹೇಳೋ ಹಾಗೆ.

ಲೀಕೂ ಇಲ್ಲ ಏನೂ ಇಲ್ಲ ಸಾರ್. ಮದುವೆ ಮುಗಿದ ಮೇಲೆ ಅಡುಗೆಯವರನ್ನೆಲ್ಲ ಛತ್ರದಲ್ಲೇ ಇಟ್ಟುಕೊಂಡು ಸಂಬಳ ಕೊಡ್ತೀರಾ? ಮೈಯೂ ಅಷ್ಟೇ, ಕಾಯಿಲೆ ಬಂದಾಗ ರಾಶಿ ಆ್ಯಂಟಿಬಾಡಿ ಮಾಡುತ್ತದೆ, ಆಮೇಲೆ ಇಳಿಸುತ್ತದೆ. ಒಂದಷ್ಟು ಜೀವಕೋಶ ಮೂಳೆಮಜ್ಜೆಯಲ್ಲಿ ಕೂತು ಸಣ್ಣ ಉರಿಯಲ್ಲಿ ಕೆಲಸ ಮುಂದುವರಿಸುತ್ತವೆ. ಮಿಕ್ಕ ಅಡುಗೆಯವರ ಫೋನ್ ನಂಬರು ಮೆಮೊರಿ ಬಿ ಸೆಲ್, ಟಿ ಸೆಲ್ ಅನ್ನೋ, ಹಳೇ ವೈರಸ್ಸನ್ನು ನೆನಪಿಟ್ಟುಕೊಳ್ಳುವ ಬಿಳಿ ರಕ್ತಕಣಗಳ ಹತ್ತಿರ ಇರುತ್ತದೆ. ನಿಮ್ಮ ಟೆಸ್ಟು ಛತ್ರದಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸುತ್ತದೆ ಅಷ್ಟೇ, ಫೋನ್ ಡೈರಿ ತೆರೆದು ನೋಡುವುದಿಲ್ಲ.

ಆ ಡೈರಿ ಎಷ್ಟು ವರ್ಷ ಉಳಿಯುತ್ತದೆ ಅನ್ನೋದು ವೈರಸ್ ಮೇಲೆ ಹೋಗುತ್ತದೆ. ಡೆನ್ಮಾರ್ಕಿನ ಫೇರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಬಂದಿತ್ತು. ಆಮೇಲೆ 65 ವರ್ಷ ಅದರ ಸುಳಿವಿಲ್ಲ. 1846ರಲ್ಲಿ ಮತ್ತೆ ಬಂದಾಗ ಸುಮಾರು 7,800 ಜನರಲ್ಲಿ 6,000 ಜನ ಮಲಗಿದರು. ಆದರೆ ಹಿಂದಿನ ಸಲ ದಡಾರ ಕಂಡಿದ್ದ ಮುದುಕರಿಗೆ ಏನೂ ಆಗಲಿಲ್ಲ, ಪಾನುಮ್ ಅನ್ನೋ ಡಾಕ್ಟರು ಇದನ್ನು ಬರೆದಿಟ್ಟಿದ್ದಾರೆ. 2003ರ ಸಾರ್ಸ್ (ಅದೂ ಕೊರೊನಾ ಜಾತಿಯ ವೈರಸ್ಸಿನ ಕಾಯಿಲೆಯೇ) ಗೆದ್ದವರ ರಕ್ತದಲ್ಲಿ 17 ವರ್ಷದ ಮೇಲೂ ಆ ವೈರಸ್ಸನ್ನು ಗುರುತಿಸುವ ಟಿ ಸೆಲ್ ಸಿಕ್ಕವು. ಅದೇ ನೆಗಡಿ ತರುವ ಮಾಮೂಲಿ ಕೊರೊನಾ ವೈರಸ್‌ಗಳು ವರ್ಷದೊಳಗೇ ಮತ್ತೆ ಬಾಗಿಲು ತಟ್ಟಬಹುದು. ಹಾಗೆ ಬಂದರೂ ಡೈರಿ ಇದ್ದವರಿಗೆ ಸಾಮಾನ್ಯವಾಗಿ ಕಾಯಿಲೆ ಜೋರಾಗುವುದಿಲ್ಲ.

(ಇನ್ನು ಸರ್ಕಾರದ ನೆನಪು. 2020ರ ಡಿಸೆಂಬರಿನಲ್ಲಿ ನೈಟ್ ಕರ್ಫ್ಯೂ ಅಂತ ಘೋಷಿಸಿ, ಶುರುವಾಗುವ ಕೆಲವೇ ಗಂಟೆ ಮುಂಚೆ ವಾಪಸ್ ತಗೊಂಡರಲ್ಲ, ಆ ಆ್ಯಂಟಿಬಾಡಿ ಒಂದು ರಾತ್ರಿಯನ್ನೂ ಕಾಣಲಿಲ್ಲ.)

ಇದನ್ನೆಲ್ಲ ನಮ್ಮ ಅಸೋಸಿಯೇಷನ್ ಮೀಟಿಂಗಲ್ಲಿ ಹೇಳಲು ಹೋದೆ. ಕೇಳಿಸಿಕೊಂಡವರಿಲ್ಲ. ಮನೆಕೆಲಸದವರು, ಡ್ರೈವರುಗಳು ಮೂರು ತಿಂಗಳಿಗೊಮ್ಮೆ ಆ್ಯಂಟಿಬಾಡಿ ರಿಪೋರ್ಟ್ ತರಬೇಕು, ಅವರದೇ ಖರ್ಚಲ್ಲಿ ಅಂತ ನಿರ್ಣಯ ಆಯಿತು. ಮನೆ ಓನರುಗಳಿಗೆ ವಿನಾಯಿತಿ. ಯಾಕೆ ಅಂದರೆ, ಅವರು ಓನರುಗಳು.

ಮಾರನೇ ದಿನ ಗೇಟಿನಲ್ಲಿ ಲಕ್ಷ್ಮಮ್ಮನ್ನ ತಡೆದರು. ಮೂರನೇ ಮಹಡಿಯ ಮನೆಯಲ್ಲಿ ಕೆಲಸ ಮಾಡುವವಳು. ಅಂಕಲ್ಲೇ ಖುದ್ದಾಗಿ ರಿಜಿಸ್ಟರ್ ಹಿಡಿದು ನಿಂತಿದ್ದರು.

"ರಿಪೋರ್ಟ್ ಎಲ್ಲಮ್ಮಾ?"

"ನಂಗೆ ಜ್ವರ ಬಂದಿದ್ದೇ ನಿಮ್ ಮನೇಲಿ ಎಲ್ರೂ ಮಲ್ಗಿದ್ರಲ್ಲ, ಆವಾಗ ಅಲ್ವಾ ಸಾರ್? ಇಪ್ಪತ್ ದಿನದ ಸಂಬ್ಳ ಹಿಡ್ಕೊಂಡ್ರಿ. ನೆನಪೈತಾ?"

ಅಂಕಲ್ ಪೆನ್ನಿನ ಕ್ಯಾಪ್ ತೆಗೆದರು, ಹಾಕಿದರು. ಎಷ್ಟು ಯೋಚಿಸಿದರೂ ಅದೊಂದು ನೆನಪಾಗಲಿಲ್ಲ.