ಸ್ವಲ್ಪ ಹಣದುಬ್ಬರ ಇರಲಿ, ಸಂಬಳವೂ ಜೊತೆಗೆ ಬರಲಿ

ಹಣದುಬ್ಬರದ ಮಾತು ಶುರುವಾದರೆ ಸಾಕು, ಎರಡು ಬಣ ತಯಾರು. ಒಬ್ಬರು "ಬೆಲೆ ಏರುವುದೇ ಅನ್ಯಾಯ, ಅದು ಸೊನ್ನೆಗೆ ಬರಬೇಕು" ಎನ್ನುತ್ತಾರೆ. ಇನ್ನೊಬ್ಬರು "ಸ್ವಲ್ಪ ಅರ್ಥಶಾಸ್ತ್ರ ಓದಿ ಸ್ವಾಮಿ, ಒಂದಿಷ್ಟು ಹಣದುಬ್ಬರ ಇದ್ದರೇ ಆರ್ಥಿಕತೆ ನಡೆಯುವುದು" ಎಂದು ಅವರ ಬಾಯಿ ಮುಚ್ಚಿಸುತ್ತಾರೆ. ನಾನು ಎರಡನೆಯವರಿಗೇ ಹತ್ತಿರ. ಆದರೆ ಅವರು ಕೊಡುವ ಕಾರಣ ನನಗೆ ಒಪ್ಪಿಗೆಯಿಲ್ಲ. ಅವರು ಹೇಳದೆ ಬಿಡುವ ಸಂಗತಿಯಂತೂ ಇನ್ನೂ ದೊಡ್ಡದು.

ಮಾಮೂಲಿಯಾಗಿ ಕೊಡುವ ಕಾರಣ ಇದು: ಬೆಲೆ ಇಳಿಯುತ್ತಾ ಹೋದರೆ ಜನ "ನಾಳೆ ಇನ್ನೂ ಅಗ್ಗ ಆಗುತ್ತೆ" ಎಂದು ಕೊಳ್ಳುವುದನ್ನೇ ಮುಂದಕ್ಕೆ ಹಾಕುತ್ತಾರೆ, ವ್ಯಾಪಾರ ನಿಂತುಹೋಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಕಂಪ್ಯೂಟರ್, ಟಿವಿಗಳನ್ನೇ ನೋಡಿ. ದಶಕಗಳಿಂದ ಅವು ಅಗ್ಗವಾಗುತ್ತಲೇ ಇವೆ. ಯಾರಾದರೂ ಕಾಯುತ್ತಾ ಕೂತಿದ್ದಾರಾ? ಬೇಕಾದಾಗ ಕೊಳ್ಳುತ್ತಾರೆ, ಅಷ್ಟೇ. 1873ರಿಂದ 1896ರವರೆಗೆ ಅಮೆರಿಕ, ಬ್ರಿಟನ್‌ಗಳಲ್ಲಿ ಬೆಲೆಗಳು ಒಟ್ಟಾರೆ ಇಳಿಯುತ್ತಲೇ ಹೋದವು. ಅದೇ ಕಾಲದಲ್ಲಿ ಅಮೆರಿಕದಲ್ಲಿ ರೈಲು ಹಳಿ, ಉಕ್ಕು, ಕಾರ್ಖಾನೆ ಎಲ್ಲವೂ ಬೆಳೆದವು. ಅಂದರೆ ಬೆಲೆ ಇಳಿದ ಮಾತ್ರಕ್ಕೆ ಆರ್ಥಿಕತೆ ಕುಸಿಯಲೇಬೇಕು ಎಂದೇನಿಲ್ಲ.

ಆದರೆ ಅದೇ ಕಾಲದಲ್ಲಿ ಅಮೆರಿಕದ ರೈತರು ಸಿಟ್ಟಿಗೆದ್ದಿದ್ದರು. ಏಕೆಂದರೆ ಅವರ ತಲೆಯ ಮೇಲೆ ಸಾಲ ಇತ್ತು. ಬೆಳೆದದ್ದರ ಬೆಲೆ ವರ್ಷ ವರ್ಷ ಇಳಿಯುತ್ತಿತ್ತು, ಕಟ್ಟಬೇಕಾದ ಕಂತು ಮಾತ್ರ ಒಂದು ಡಾಲರ್ ಕೂಡ ಕಡಿಮೆ ಆಗುತ್ತಿರಲಿಲ್ಲ. ಆ ಸಿಟ್ಟು 1896ರ ಅಧ್ಯಕ್ಷೀಯ ಚುನಾವಣೆಯ ಮುಖ್ಯ ವಿಷಯವೇ ಆಯಿತು. ಚಿನ್ನದ ಜೊತೆ ಬೆಳ್ಳಿಯನ್ನೂ ಹಣವಾಗಿ ಟಂಕಿಸಿ, ಚಲಾವಣೆಯಲ್ಲಿ ಹಣ ಜಾಸ್ತಿ ಆಗಲಿ ಎಂದು ಅಭ್ಯರ್ಥಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಊರೂರು ಸುತ್ತಿದರು. ಸೋತರು, ಅದು ಬೇರೆ ಮಾತು.

ನನ್ನ ಪ್ರಕಾರ ಅಸಲು ಕಾರಣ ಇರುವುದು ಇಲ್ಲೇ. ಸಾಲವನ್ನು ಬರೆಯುವುದು ಹಣದ ಅಂಕಿಯಲ್ಲಿ. ಬೆಲೆ ಬಿದ್ದರೆ ವ್ಯಾಪಾರಿಯ ವಹಿವಾಟು ಬೀಳುತ್ತದೆ, ಕೆಲಸಗಾರನ ಆದಾಯ ಬೀಳುತ್ತದೆ, ಸಾಲದ ಅಂಕಿ ಮಾತ್ರ ಅಲ್ಲಾಡುವುದಿಲ್ಲ. ಕಟ್ಟಲಾಗದವರು ಆಸ್ತಿ ಮಾರುತ್ತಾರೆ. ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಬೆಲೆ ಇನ್ನೂ ಬೀಳುತ್ತದೆ, ಉಳಿದವರ ಸಾಲ ಇನ್ನೂ ಭಾರವಾಗುತ್ತದೆ. ಸಾಲ ತೀರಿಸುವ ಪ್ರಯತ್ನವೇ ಸಾಲವನ್ನು ಹಿಗ್ಗಿಸುವ ಈ ವಿಚಿತ್ರವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಶರ್ 1933ರಲ್ಲಿ ವಿವರಿಸಿದರು. ಸುಮ್ನೆ ಕೂತು ಹೊಸೆದ ಸಿದ್ಧಾಂತ ಅಲ್ಲ ಅದು. 1929ರಿಂದ 1933ರೊಳಗೆ ಅಮೆರಿಕದಲ್ಲಿ ಬೆಲೆಗಳು ಸುಮಾರು ಕಾಲು ಭಾಗ ಬಿದ್ದಿದ್ದವು. ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಸಾವಿರಾರು ಬ್ಯಾಂಕುಗಳು ಬಾಗಿಲು ಹಾಕಿದ್ದವು.

ಸಂಬಳದ ವಿಷಯವೂ ಇದೆ. ಹಣದುಬ್ಬರ ಸೊನ್ನೆ ಇರುವಾಗ ಯಾರ ಸಂಬಳವನ್ನಾದರೂ ಶೇ. 2 ಕಡಿತ ಮಾಡಿ ನೋಡಿ, ಆಫೀಸಿನಲ್ಲಿ ಯುದ್ಧವೇ ಆಗುತ್ತದೆ. ಅದೇ ಶೇ. 3ರ ಹಣದುಬ್ಬರದ ನಡುವೆ ಶೇ. 1 ಏರಿಕೆ ಕೊಟ್ಟರೆ ಗೊಣಗಾಟ ಇರುತ್ತದೆ, ಯುದ್ಧ ಇರುವುದಿಲ್ಲ. ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಕಷ್ಟಕ್ಕೆ ಸಿಕ್ಕ ಕಂಪನಿ ಸಂಬಳ ಕಡಿತ ಮಾಡಲಾಗದೆ ಜನರನ್ನೇ ಮನೆಗೆ ಕಳಿಸುವ ಬದಲು, ಹೀಗೆ ಸದ್ದಿಲ್ಲದೆ ಉಸಿರಾಡಿಕೊಳ್ಳಬಹುದು. ಇದನ್ನು ಅರ್ಥಶಾಸ್ತ್ರಜ್ಞರು ಹಣದುಬ್ಬರದ ಉಪಯೋಗ ಎಂದು ಹೇಳುತ್ತಾರೆ. ಸರಿಯೇ. ಆದರೆ ಗಮನಿಸಿ, ಇದು ಕೆಲಸ ಮಾಡುವುದು ಕೆಲಸಗಾರನ ನಿಜವಾದ ಸಂಬಳ ಅವನಿಗೆ ಅಷ್ಟಾಗಿ ಗೊತ್ತಾಗದಂತೆ ಕಡಿಮೆಯಾಗುವುದರಿಂದ. ಕೆಲಸ ಹೋಗುವುದಕ್ಕಿಂತ ಇದು ವಾಸಿ ಎಂದು ನಾನೂ ಒಪ್ಪುತ್ತೇನೆ. ಮುಜುಗರ ಮಾತ್ರ ಹೋಗುವುದಿಲ್ಲ.

ಮೂರನೆಯ ಕಾರಣವನ್ನು ಜಪಾನ್ ಕಲಿಸಿತು. ಆರ್ಥಿಕತೆ ಮಂಕಾದಾಗ ಕೇಂದ್ರೀಯ ಬ್ಯಾಂಕ್ (ನಮ್ಮ ರಿಸರ್ವ್ ಬ್ಯಾಂಕಿನಂಥದ್ದು) ಬಡ್ಡಿ ಇಳಿಸುತ್ತದೆ. ಬಡ್ಡಿ ಸೊನ್ನೆಗೆ ಬಂದ ಮೇಲೆ ಏನು ಮಾಡುವುದು? ಹಣದುಬ್ಬರ ಒಂದಿಷ್ಟು ಇರುವ ಕಡೆ ಬಡ್ಡಿಯೂ ಅಷ್ಟು ಎತ್ತರದಲ್ಲಿ ಇರುತ್ತದೆ, ಇಳಿಸಲು ಜಾಗ ಸಿಗುತ್ತದೆ. ಜಪಾನ್ 1999ರಲ್ಲೇ ಬಡ್ಡಿಯನ್ನು ಹೆಚ್ಚುಕಡಿಮೆ ಸೊನ್ನೆಗೆ ತಂದಿತು. 2013ರಲ್ಲಿ ಶೇ. 2ರ ಹಣದುಬ್ಬರವನ್ನು ಗುರಿಯಾಗಿ ಘೋಷಿಸಿತು. 2016ರಲ್ಲಿ ಬಡ್ಡಿಯನ್ನು ಸೊನ್ನೆಗಿಂತಲೂ ಕೆಳಗೆ ಇಳಿಸಿ, ಅಲ್ಲಿಂದ ಮೇಲೆ ಬಂದದ್ದು 2024ರ ಮಾರ್ಚ್‌ನಲ್ಲಿ. ಬೆಲೆ ಏರಲಿ ಎಂದು ಒಂದು ದೇಶ ಇಷ್ಟು ವರ್ಷ ಪರದಾಡಿತು ಎಂದರೆ ನಂಬುವುದೇ ಕಷ್ಟ, ಅಲ್ವಾ?

ಅಂದಹಾಗೆ, ಈಗ ಎಲ್ಲರೂ ಜಪಿಸುವ ಶೇ. 2 ಎಂಬ ಅಂಕಿ ಯಾವುದೋ ಮಹಾ ಸೂತ್ರದಿಂದ ಬಂದದ್ದಲ್ಲ. ನ್ಯೂಜಿಲೆಂಡ್‌ನ ಹಣಕಾಸು ಮಂತ್ರಿ ರೋಜರ್ ಡಗ್ಲಸ್ 1988ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಸೊನ್ನೆಯಿಂದ ಶೇ. 1ರ ಆಸುಪಾಸು ಎಂದುಬಿಟ್ಟರು. ಅಲ್ಲಿನ ರಿಸರ್ವ್ ಬ್ಯಾಂಕ್ ಅದಕ್ಕೆ ಸ್ವಲ್ಪ ಸೇರಿಸಿ 1990ರಲ್ಲಿ ಸೊನ್ನೆಯಿಂದ ಶೇ. 2 ಎಂದು ಗುರಿ ಇಟ್ಟುಕೊಂಡಿತು. ಆಮೇಲೆ ಒಂದೊಂದೇ ದೇಶ ಈ ದಾರಿ ಹಿಡಿಯಿತು. ಅಮೆರಿಕ ಶೇ. 2 ಎಂದು ಬಾಯಿಬಿಟ್ಟು ಹೇಳಿದ್ದು 2012ರಲ್ಲಿ. ಭಾರತ 2016ರಲ್ಲಿ ಶೇ. 4 ಎಂದು ಇಟ್ಟುಕೊಂಡು, ಎರಡು ಅಂಶ ಆಚೀಚೆ ಹೋಗಬಹುದು ಎಂದಿತು. ಹಾಗಾಗಿ ಅಂಕಿಯ ಮೇಲೆ ನನಗೆ ಅಂಥ ಭಕ್ತಿ ಇಲ್ಲ. ಎರಡೋ ಮೂರೋ ನಾಲ್ಕೋ, ಅದು ಮುಂಚೆಯೇ ಗೊತ್ತಿರಬೇಕು, ನೆಟ್ಟಗೆ ಇರಬೇಕು.

ಈಗ ಇನ್ನೊಂದು ಮುಖ. ಶೇ. 4 ಎಂದರೆ ಸಣ್ಣದು ಅನಿಸುತ್ತದೆ. ಅದೇ ವೇಗದಲ್ಲಿ ಹೋದರೆ ಸುಮಾರು 18 ವರ್ಷಕ್ಕೆ ಬೆಲೆ ಎರಡರಷ್ಟು. ಶೇ. 6 ಆದರೆ 12 ವರ್ಷ. ನಿವೃತ್ತರಾದ ದಿನ ಸಿಗುತ್ತಿದ್ದ ಪಿಂಚಣಿ ಏರದೆ ಹಾಗೇ ಉಳಿದರೆ, ಅದೇ ಜೀವಮಾನದಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ.

ಠೇವಣಿ ಇಟ್ಟವರ ಪಾಡು ಇನ್ನೂ ಸೂಕ್ಷ್ಮ. ಹಣದುಬ್ಬರ ಸೊನ್ನೆ, ಬಡ್ಡಿ ಶೇ. 2, ತೆರಿಗೆ ಶೇ. 30 ಎಂದಿಟ್ಟುಕೊಳ್ಳಿ. ತೆರಿಗೆ ಕಳೆದು ಶೇ. 1.4 ಉಳಿಯುತ್ತದೆ. ಈಗ ಹಣದುಬ್ಬರ ಶೇ. 4, ಬಡ್ಡಿಯೂ ಅಷ್ಟೇ ಏರಿ ಶೇ. 6 ಆಯಿತು. ನ್ಯಾಯವಾಗಿಯೇ ಇದೆಯಲ್ಲ ಅನಿಸುತ್ತದೆ. ಆದರೆ ತೆರಿಗೆ ಬೀಳುವುದು ಪೂರ್ತಿ ಆರರ ಮೇಲೆ. 1.8 ಹೋಗಿ 4.2 ಕೈಗೆ ಬರುತ್ತದೆ. ಅದರಲ್ಲಿ ಹಣದುಬ್ಬರದ ನಾಲ್ಕು ಕಳೆಯಿರಿ. ಉಳಿದದ್ದು 0.2. ಲಾಭವೇ ಅಲ್ಲದ, ಬರೀ ನಷ್ಟ ತುಂಬಿಕೊಟ್ಟ ದುಡ್ಡಿಗೂ ತೆರಿಗೆ! "ಹದವಾದ ಹಣದುಬ್ಬರ ಯಾರಿಗೂ ನೋಯಿಸುವುದಿಲ್ಲ" ಎನ್ನುವವರು ಈ ಲೆಕ್ಕ ಒಮ್ಮೆ ಹಾಕಲಿ.

ಇಲ್ಲಿ ಗೆಲ್ಲುವವರು ಯಾರು? ಸಾಲಗಾರರು. ದೇಶದಲ್ಲಿ ಎಲ್ಲರಿಗಿಂತ ದೊಡ್ಡ ಸಾಲಗಾರ ಸಾಮಾನ್ಯವಾಗಿ ಸರ್ಕಾರವೇ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸಾಲ ಅದರ ವಾರ್ಷಿಕ ಉತ್ಪನ್ನಕ್ಕಿಂತ ಜಾಸ್ತಿ ಇತ್ತು. 1974ರ ಹೊತ್ತಿಗೆ ಅದು ಉತ್ಪನ್ನದ ಕಾಲು ಭಾಗಕ್ಕಿಂತ ಕೆಳಗೆ ಬಂತು. ಆರ್ಥಿಕತೆ ಬೆಳೆದದ್ದು ಒಂದು ಕಾರಣ, ನಿಜ. ಆದರೆ ಯುದ್ಧದ ನಂತರದ ವರ್ಷಗಳಲ್ಲಿ ಬೆಲೆಗಳು ಜಿಗಿದಾಗಲೂ ಸರ್ಕಾರಿ ಬಾಂಡುಗಳ ಬಡ್ಡಿಯನ್ನು ಶೇ. 2.5ರ ಒಳಗೇ ಹಿಡಿದಿಟ್ಟಿದ್ದರು. ದೇಶಕ್ಕೆ ಅನುಕೂಲ ಆಯಿತು. ನಂಬಿ ಬಾಂಡು ಕೊಂಡವರು ಅದರ ಬೆಲೆ ತೆತ್ತರು.

ಇಷ್ಟಾದರೂ ಸೊನ್ನೆಯ ಪಕ್ಷಕ್ಕೆ ನಾನು ಹೋಗಲಾರೆ. ಬೆಲೆ ಏರಿಕೆಯ ಕೋಪದಲ್ಲಿ ನಾವು ಮರೆಯುವುದು ನಿರುದ್ಯೋಗದ ನೋವನ್ನು. ಹಾಗೆಂದು ಹಿಡಿತ ಬಿಟ್ಟರೂ ಕಥೆ ಕೆಟ್ಟದ್ದೇ. 1970ರ ದಶಕದಲ್ಲಿ ಅಮೆರಿಕದಲ್ಲಿ ಹಾಗೇ ಆಯಿತು. 1980ರಲ್ಲಿ ಹಣದುಬ್ಬರ ಶೇ. 14 ದಾಟಿತು. ಅದನ್ನು ಇಳಿಸಲು ಅಲ್ಲಿನ ಕೇಂದ್ರೀಯ ಬ್ಯಾಂಕಿನ ಮುಖ್ಯಸ್ಥ ಪೌಲ್ ವೋಲ್ಕರ್ ಅಲ್ಪಾವಧಿ ಬಡ್ಡಿಯನ್ನು 1981ರಲ್ಲಿ ಶೇ. 19ರವರೆಗೆ ಕೊಂಡೊಯ್ಯಬೇಕಾಯಿತು. 1982ರ ಕೊನೆಗೆ ನಿರುದ್ಯೋಗ ಶೇ. 10.8. ತುರ್ಕಿಯಲ್ಲಿ ಇದರ ಉಲ್ಟಾ ಪ್ರಯೋಗ ನಡೆಯಿತು. ಬೆಲೆ ಏರುತ್ತಿದ್ದಾಗ ಬಡ್ಡಿ ಇಳಿಸುತ್ತಾ ಹೋದರು. 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ. 85 ದಾಟಿತು.

ಗುರಿಯನ್ನು ಶೇ. 4ಕ್ಕೆ ಏರಿಸಬಾರದೇಕೆ ಎಂದು ಅರ್ಥಶಾಸ್ತ್ರಜ್ಞ ಒಲಿವಿಯರ್ ಬ್ಲಾಂಚಾರ್ಡ್ ಐಎಂಎಫ್‌ನಲ್ಲಿ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಇದ್ದಾಗ, 2010ರಲ್ಲಿ ಕೇಳಿದ್ದರು. ಅವರು ಕೇಳಿದ್ದು ಬಡ್ಡಿ ಇಳಿಸಲು ಜಾಸ್ತಿ ಜಾಗ ಸಿಗಲಿ ಎಂದು. ಒಳ್ಳೆಯ ಪ್ರಶ್ನೆಯೇ. ನನ್ನ ತಕರಾರು ಬೇರೆ. ಶೇ. 4 ಸರಿಯೋ ತಪ್ಪೋ ಎಂದು ವಾದಿಸುವ ಮೊದಲು, ಆ ನಾಲ್ಕನ್ನು ಯಾರ ಆದಾಯ ಹಿಂಬಾಲಿಸುತ್ತದೆ, ಯಾರದ್ದು ಹಿಂದೆ ಬೀಳುತ್ತದೆ ಎಂದು ಕೇಳಬೇಕು.

ಇದಕ್ಕೆ ಅಮೆರಿಕದಲ್ಲೇ ಕಣ್ಣಿಗೆ ಹೊಡೆಯುವ ಉದಾಹರಣೆ ಇದೆ. ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ 1975ರಿಂದ ಬೆಲೆ ಏರಿಕೆಗೆ ತಕ್ಕಂತೆ ತಾನಾಗಿಯೇ ಏರುತ್ತದೆ. ನಮ್ಮ ತುಟ್ಟಿಭತ್ಯೆಯ ಹಾಗೆ ಎನ್ನಿ. ಆದರೆ ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕನಿಷ್ಠ ವೇತನವನ್ನು ಏರಿಸಲು ಪ್ರತಿ ಸಲ ಸಂಸತ್ತು ಕಾನೂನು ಮಾಡಬೇಕು. 2009ರ ಜುಲೈನಲ್ಲಿ ಅದು ಗಂಟೆಗೆ 7.25 ಡಾಲರ್ ಆಯಿತು. ಹದಿನೈದು ವರ್ಷ ಕಳೆದು 2024 ಬಂದಾಗಲೂ ಅಷ್ಟೇ ಇತ್ತು. ಆ ಹೊತ್ತಿಗೆ ಬೆಲೆಗಳು ಶೇ. 40ಕ್ಕೂ ಹೆಚ್ಚು ಏರಿದ್ದವು. ಒಂದೇ ದೇಶ, ಒಂದೇ ಹಣದುಬ್ಬರ. ಅದರಲ್ಲೂ ಬಹುತೇಕ ವರ್ಷ ಎಲ್ಲರೂ ಹೊಗಳುವ ಶೇ. 2ರ ಆಸುಪಾಸಿನದ್ದೇ. ಹಲವು ರಾಜ್ಯಗಳು ತಮ್ಮದೇ ಹೆಚ್ಚಿನ ವೇತನ ನಿಗದಿ ಮಾಡಿಕೊಂಡವು. ಮಾಡದ ರಾಜ್ಯಗಳ ಕೆಲಸಗಾರರಿಗೆ ಕಾನೂನು ಕೊಟ್ಟ ಆಸರೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಹೋಯಿತು.

ಹಣದುಬ್ಬರ ಶೇ. 9ರಿಂದ 3ಕ್ಕೆ ಇಳಿದಾಗ ಅಧಿಕಾರದಲ್ಲಿ ಇರುವವರು ಬೆನ್ನು ತಟ್ಟಿಕೊಳ್ಳುತ್ತಾರೆ, ಜನ ಮಾತ್ರ ಗೊಣಗುತ್ತಲೇ ಇರುತ್ತಾರೆ. "ಜನರಿಗೆ ಅಂಕಿಅಂಶ ಅರ್ಥವಾಗಲ್ಲ" ಎಂದು ನಗುವುದು ಸುಲಭ. ಆದರೆ ಇಳಿದದ್ದು ಏರಿಕೆಯ ವೇಗ, ಬೆಲೆ ಅಲ್ಲ. ಏರಿದ ಬೆಲೆ ಮೇಲೆಯೇ ಇದೆ, ಅದರ ಮೇಲೆ ಇನ್ನೂ ಶೇ. 3 ಸೇರುತ್ತಿದೆ. ಸಂಬಳ ಅಲ್ಲಿಗೆ ತಲುಪುವವರೆಗೆ ಆ ಗೊಣಗಾಟಕ್ಕೆ ಪೂರ್ತಿ ಅರ್ಥ ಇದೆ.